‘ರೆಪ್ಲಿಕಾ’: ನಕಲೋ, ಪ್ರತಿಯೋ?

ಪ್ರಶ್ನೆ:
ನಮಸ್ಕಾರ. ದತ್ತಾಂಶವನ್ನು ಹಲವು ಸರ್ವರ್‌ಗಳ ಡಿಸ್ಕುಗಳಲ್ಲಿ ಹಂಚಿಡುವ ಸೆಫ್ ಸಂಗ್ರಹ ವ್ಯವಸ್ಥೆಯ ಕುರಿತ ಕನ್ನಡ ಟಿಪ್ಪಣಿಯೊಂದರಲ್ಲಿ ‘ರೆಪ್ಲಿಕಾ’ಗೆ ‘ನಕಲು’, ‘ರಿಬ್ಯಾಲೆನ್ಸಿಂಗ್’ಗೆ ‘ಮರುಸಮತೋಲನ’ ಎಂದಿದೆ. ‘ಡೌನ್’, ‘ಔಟ್’ ಎರಡಕ್ಕೂ ‘ನಿಷ್ಕ್ರಿಯ’. ನಕಲು ಬೇಡವೆಂದು ‘ಪ್ರತಿ’ ಹಾಕಿದರೆ ‘ಪ್ರತಿ ಕಂತೆಯ ಪ್ರತಿ ಪ್ರತಿಯೂ’ ಎಂಬಂಥ ವಾಕ್ಯ ಹುಟ್ಟುತ್ತದೆ (ಕಂತೆ ಎಂದರೆ ಒಟ್ಟಿಗೇ ಇಡುವ ದತ್ತಾಂಶದ ಗುಂಪು). ಬಲ್ಲವರು ತಿಳಿಸಬೇಕು.

ಉತ್ತರ:
‘ಪ್ರತಿ’ಯೇ ಸರಿ. ನಕಲು ಎಂದೊಡನೆ ಎಲ್ಲೋ ಒಂದು ಅಸಲು ಇದೆ ಎಂದಾಗುತ್ತದೆ. ಕಂದಾಯ ಕಚೇರಿಯ ‘ದೃಢೀಕೃತ ನಕಲು’ ಎಂಬುದರಲ್ಲಿ ಕೆಟ್ಟ ಅರ್ಥವೇನಿಲ್ಲ, ಆದರೆ ಅಲ್ಲೂ ಅಸಲು ಕಚೇರಿಯಲ್ಲೇ ಉಳಿಯುತ್ತದೆ. ಸೆಫ್‌ನಲ್ಲಿ ಅಸಲು ಎಂಬುದೇ ಇಲ್ಲ. ಸಾಮಾನ್ಯವಾಗಿ ಮೂರು ಪ್ರತಿ, ಮೂರೂ ಒಂದೇ. ಒಂದನ್ನು ‘ಪ್ರೈಮರಿ’ ಎನ್ನುತ್ತಾರೆ ನಿಜ, ಅದು ಬರೀ ಹುದ್ದೆ: ದತ್ತಾಂಶ ಮೊದಲು ಅಲ್ಲಿಗೆ ಬರುತ್ತದೆ, ಅದು ಉಳಿದೆರಡಕ್ಕೆ ದಾಟಿಸಿ, ಎಲ್ಲ ಕಡೆ ಬರೆದಾದ ಮೇಲೆ ‘ಆಯಿತು’ ಎನ್ನುತ್ತದೆ. ಆ ಡಿಸ್ಕ್ ಸತ್ತರೆ ಹುದ್ದೆ ಇನ್ನೊಂದಕ್ಕೆ. ಹಾಗಾಗಿ ‘ಮೂಲಪ್ರತಿ’ಯೂ ತಪ್ಪು, ‘ಮುಂದಾಳು ಪ್ರತಿ’ ಎನ್ನಬಹುದು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು ಎನ್ನುತ್ತೇವೆ, ಸಾವಿರ ನಕಲು ಎನ್ನುವುದಿಲ್ಲ. ‘ಪಡಿಯಚ್ಚು’ ಹೋಲಿಕೆಯ ಮಾತು, ‘ಅಪ್ಪನ ಪಡಿಯಚ್ಚು’ ಎಂಬಲ್ಲೇ ಅದು ಚೆಂದ.

ವಾಕ್ಯದ ತೊಡಕಿಗೆ ಮದ್ದು ಸುಲಭ: ಅಲ್ಲಿ ‘ಒಂದೊಂದು’ ಬಳಸಿ. ‘ಒಂದೊಂದು ಕಂತೆಯ ಮೂರು ಪ್ರತಿಗಳೂ ಬೇರೆಬೇರೆ ಸರ್ವರ್‌ಗಳಲ್ಲಿರಬೇಕು.’

‘ಮರುಸಮತೋಲನ’ ಸಮಪಾಲು ಎಂಬ ಭ್ರಮೆ ಹುಟ್ಟಿಸುತ್ತದೆ. ಇಲ್ಲಿನ ಹಂಚಿಕೆ ತೂಕಕ್ಕೆ, ಅಂದರೆ ಡಿಸ್ಕಿನ ಗಾತ್ರವನ್ನು ಸೂಚಿಸುವ ಅಂಕಿಗೆ, ತಕ್ಕಂತೆ: 4 ಟೆರಾಬೈಟಿನ ಡಿಸ್ಕಿಗೆ ಸುಮಾರು 3.64 ತೂಕ, 16ರದಕ್ಕೆ 14.55, ಅಂದರೆ ನಾಲ್ಕು ಪಟ್ಟು ದತ್ತಾಂಶ. ‘ಮರುಹಂಚಿಕೆ’ ಸಾಕು. ಆ ಪದದ ಜೊತೆಗೆ ಎಷ್ಟು ಜರುಗುತ್ತದೆ ಎಂಬುದನ್ನೂ ಹೇಳಿ. ಹತ್ತು ಸಮ ಡಿಸ್ಕುಗಳಿಗೆ ಹನ್ನೊಂದನೆಯದು ಸೇರಿತೆನ್ನಿ. ಹ್ಯಾಶನ್ನು (ದತ್ತಾಂಶದ ಹೆಸರಿನಿಂದ ಲೆಕ್ಕಹಾಕಿದ ಅಂಕಿಯನ್ನು) ಡಿಸ್ಕುಗಳ ಸಂಖ್ಯೆಯಿಂದ ಭಾಗಿಸಿ ಶೇಷ ನೋಡುವ ವಿಧಾನದಲ್ಲಿ ಶೇಕಡಾ 91ರಷ್ಟು ದತ್ತಾಂಶ ಜಾಗ ಬದಲಿಸುತ್ತದೆ. ಹೊಸ ಡಿಸ್ಕಿಗೆ ನಿಜವಾಗಿ ಬೇಕಾದದ್ದು ಹನ್ನೊಂದರಲ್ಲಿ ಒಂದು ಪಾಲು, ಶೇಕಡಾ 9ರಷ್ಟು. 2006ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ವಿಶ್ವವಿದ್ಯಾಲಯದ ಸೇಜ್ ವೀಲ್ ಮತ್ತು ಸಂಗಡಿಗರು ಪ್ರಕಟಿಸಿದ, ಸೆಫ್ ಬಳಸುವ ‘ಕ್ರಷ್’ ಎಂಬ ಹಂಚಿಕೆ ವಿಧಾನ ಅದರ ಹತ್ತಿರಕ್ಕೆ ಬರುತ್ತದೆ. ರ‍್ಯಾಕು, ಸರ್ವರು ಎಂದು ಮಟ್ಟಗಳು ಹೆಚ್ಚಿದ್ದರೆ ಜರುಗುವುದು ಕೊಂಚ ಹೆಚ್ಚಬಹುದು.

ನಿಜಕ್ಕೂ ಅಪಾಯವಿರುವುದು ‘ನಿಷ್ಕ್ರಿಯ’ದಲ್ಲಿ. ಡೌನ್ ಎಂದರೆ ಡಿಸ್ಕ್ ಉತ್ತರಿಸುತ್ತಿಲ್ಲ, ಅಷ್ಟೇ, ದತ್ತಾಂಶ ಜರುಗುವುದಿಲ್ಲ. ಔಟ್ ಎಂದರೆ ಲೆಕ್ಕದಿಂದ ತೆಗೆದಿದೆ, ಮರುಹಂಚಿಕೆ ಶುರು. ಡೌನ್‌ನಿಂದ ಔಟ್‌ಗೆ ಹೋಗಲು ಪೂರ್ವನಿಯೋಜಿತ ಅವಧಿ 600 ಸೆಕೆಂಡು. ರ‍್ಯಾಮ್ ಬದಲಿಸಲು ಸರ್ವರ್ ಆರಿಸುವವನು ಮೊದಲೇ ‘ನೋಔಟ್’ (ಡಿಸ್ಕನ್ನು ಔಟ್ ಮಾಡಬೇಡ ಎಂಬ ಸೂಚನೆ) ಹಾಕದಿದ್ದರೆ ಹತ್ತು ನಿಮಿಷಕ್ಕೆ ಸುಮ್ಮನೆ ಟೆರಾಬೈಟುಗಟ್ಟಲೆ ಓಡಾಟ. ಉಳಿದ ಡಿಸ್ಕುಗಳು ಮೊದಲೇ ಬಿಗಿಯಾಗಿದ್ದು ಯಾವುದಾದರೂ ಶೇಕಡಾ 95 ಮುಟ್ಟಿದರೆ ಬರೆಯುವುದೇ ನಿಲ್ಲುತ್ತದೆ. ‘ನಿಂತಿದೆ’, ‘ಹೊರಗಿಟ್ಟಿದೆ’ ಎಂದು ಬೇರೆ ಮಾಡಿ. ನೋಔಟ್‌ಗೆ ‘ಹೊರಗಿಡಬೇಡ’.

ಇನ್ನೊಂದು ಉತ್ತರ:
ಮೇಲಿನದನ್ನು ಒಪ್ಪುತ್ತೇನೆ, ‘ಮುಂದಾಳು’ ಒಂದನ್ನು ಬಿಟ್ಟು. ಅದು ಚುನಾವಣೆಯನ್ನು ನೆನಪಿಸುತ್ತದೆ. ಇಲ್ಲಿ ಕ್ರಷ್ ಕೊಟ್ಟ ಡಿಸ್ಕುಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೊದಲು ನಿಂತದ್ದೇ ಪ್ರೈಮರಿ. ‘ಮೊದಲ ಪ್ರತಿ’ ಸಾಲದೇ?

ಟಿಪ್ಪಣಿಯಲ್ಲಿ ‘ಫೇಲ್ಯೂರ್ ಡೊಮೇನ್’ ಕೂಡ ಬಂದೇ ಬರುತ್ತದೆ. ‘ವೈಫಲ್ಯ ವಲಯ’ ಎಂದರೆ ಆಗಲೇ ಕೆಟ್ಟುಹೋದ ಜಾಗದಂತೆ ಕೇಳಿಸುತ್ತದೆ. ‘ಒಟ್ಟಿಗೆ ಕೆಡುವ ಗುಂಪು’ ಉದ್ದವಾದರೂ ಅರ್ಥ ಹೇಳುತ್ತದೆ: ಒಂದೇ ಸರ್ವರಿನ ಹನ್ನೆರಡು ಡಿಸ್ಕುಗಳು, ಒಂದೇ ವಿದ್ಯುತ್ ಮಾರ್ಗದ ರ‍್ಯಾಕು. ಸ್ಕ್ರಬ್ (ಪ್ರತಿಗಳನ್ನು ಹೋಲಿಸಿ ನೋಡುವ ತಪಾಸಣೆ) ನಡೆಸುವಾಗ ಪ್ರತಿಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಅದಕ್ಕೆ ಗ್ರಂಥಸಂಪಾದಕರ ‘ಪಾಠಾಂತರ’ ಸಿದ್ಧವಾಗಿಯೇ ಇದೆ.