ಕಾರ್ಡಿನಲ್ಲಿ ಚಿಕಿತ್ಸೆ ಉಚಿತ, ಆದರೆ ತಂಗಿಯ ಊಟಕ್ಕೆ ಯಾರನ್ನು ಕೇಳಬೇಕು?

ಪ್ರಶ್ನೆ (ಹಾನಗಲ್ ತಾಲ್ಲೂಕಿನಿಂದ)

ನನ್ನ ತಂಗಿಯ ಮಗಳಿಗೆ ಆರು ವರ್ಷ. ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿ ಒಂದೂವರೆ ತಿಂಗಳಾಯಿತು. ಬೆಂಗಳೂರಿನಲ್ಲಿ ದಾಖಲಾಗಿದ್ದಾಳೆ. ಬಿಪಿಎಲ್ ಕಾರ್ಡ್ ಇರುವುದರಿಂದ ಚಿಕಿತ್ಸೆಗೆ ಹಣ ಕೇಳುತ್ತಿಲ್ಲ. ಕಳೆದ ಭಾನುವಾರ ನೋಡಲು ಹೋಗಿದ್ದೆ. ಮಗುವಿನ ಊಟ ವಾರ್ಡಿಗೇ ಬರುತ್ತದೆ. ಅದು ಎರಡು ತುತ್ತು ತಿಂದು ಬಿಟ್ಟದ್ದೇ ತಂಗಿಯ ಊಟ. ರಾತ್ರಿ ಕಾರಿಡಾರಿನಲ್ಲಿ ಬಟ್ಟೆಯ ಚೀಲ ತಲೆಗಿಟ್ಟುಕೊಂಡು ಮಲಗುತ್ತಾಳೆ. ಎಂಟನೇ ತರಗತಿಯ ಮಗ ಶಾಲೆ ಬಿಟ್ಟು ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗುತ್ತಿದ್ದಾನೆ. ಕೇಳಿದರೆ "ಎಲ್ಲ ಚೆನ್ನಾಗಿದೆ ಅಕ್ಕ" ಎನ್ನುತ್ತಾಳೆ. ಯಾರಲ್ಲಿ ಏನೆಂದು ಕೇಳಲಿ?

ಉತ್ತರ (ವೈದ್ಯಕೀಯ ಸಮಾಜ ಕಾರ್ಯಕರ್ತೆ, ಬೆಂಗಳೂರು)

ಅಕ್ಕ, ಮಕ್ಕಳ ವಾರ್ಡಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಈ "ಎಲ್ಲ ಚೆನ್ನಾಗಿದೆ"ಯನ್ನು ದಿನವೂ ಕೇಳುತ್ತೇನೆ. ಹಾಗಾಗಿ ತೊಂದರೆ ಇದೆಯೇ ಎಂದು ಯಾರನ್ನೂ ಕೇಳುವುದಿಲ್ಲ. ಬೆಳಿಗ್ಗೆ ಏನು ತಿಂದಿರಿ, ಊರಿನಲ್ಲಿರುವ ಮಕ್ಕಳಿಗೆ ಅಡುಗೆ ಯಾರು ಮಾಡುತ್ತಾರೆ ಎಂದು ಕೇಳುತ್ತೇನೆ. ಆಗ ಮಾತು ಹೊರಬರುತ್ತದೆ.

ಆಸ್ಪತ್ರೆಯಲ್ಲಿ ಸರ್ಕಾರಿ ಆರೋಗ್ಯ ಯೋಜನೆಯ ಸಹಾಯಕ್ಕೆ ಇರುವ ಆರೋಗ್ಯ ಮಿತ್ರ ನೋಡುವುದು ಕಾರ್ಡಿನ ವ್ಯವಹಾರ ಮಾತ್ರ. ಊಟ, ವಸತಿಗೆ ಬೇರೆಯವರನ್ನು ಕಾಣಬೇಕು. ಸಮಾಜ ಕಾರ್ಯಕರ್ತರು ಎಲ್ಲಿ ಕೂರುತ್ತಾರೆ ಎಂದು ತಂಗಿ ನಾಳೆಯೇ ಸಿಸ್ಟರನ್ನು ಕೇಳಲಿ. ಕೆಲವು ದೊಡ್ಡ ಆಸ್ಪತ್ರೆಗಳ ಆವರಣದಲ್ಲಿ ಧರ್ಮಶಾಲೆ ಇರುತ್ತದೆ. ಕಿದ್ವಾಯಿ, ನಿಮ್ಹಾನ್ಸ್‌ಗಳಲ್ಲಿ ಇದೆ. ಹತ್ತಿರದಲ್ಲಿ ಇಂದಿರಾ ಕ್ಯಾಂಟೀನ್ ಇದ್ದರೆ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ.

ಬಹಳ ಜನರಿಗೆ ಗೊತ್ತಿಲ್ಲದ ಒಂದು ಮಾತು: ಪಡಿತರ ಪಡೆಯಲು ಊರಿಗೆ ಹೋಗಬೇಕಿಲ್ಲ. ಅದೇ ಕಾರ್ಡಿಗೆ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಕೊಡುತ್ತಾರೆ. ಧರ್ಮಶಾಲೆಯಲ್ಲಿ ಒಲೆಗೆ ಅವಕಾಶವಿದ್ದರೆ ಇದು ದೊಡ್ಡ ಆಸರೆ.

ಓಡಾಟಕ್ಕೆ ತಂಗಿಗೆ ಶಕ್ತಿ ಯೋಜನೆಯ ಬಸ್ಸು ಇದೆ. ಆದರೆ ಕಿಮೋ ಆದ ಮಗುವನ್ನು ತುಂಬಿದ ಬಸ್ಸಿನಲ್ಲಿ ಹಾವೇರಿಯವರೆಗೆ ಕರೆದೊಯ್ಯುವುದು ಬೇಡ. ರೈಲಿನ ಸ್ಲೀಪರಿನಲ್ಲಿ ಕ್ಯಾನ್ಸರ್ ರೋಗಿಗೆ ಪೂರ್ತಿ, ಜೊತೆಗಿರುವ ಒಬ್ಬರಿಗೆ ಶೇ 75 ರಿಯಾಯಿತಿ ಇದೆ. ವೈದ್ಯರು ಸಹಿ ಮಾಡಿದ ನಮೂನೆ ಬೇಕು. ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ಸಹಿ ಸಿಗುವುದಿಲ್ಲ, ಎರಡು ದಿನ ಮೊದಲೇ ಮಾಡಿಸಿಕೊಳ್ಳಿ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಎರಡು ವರ್ಷಕ್ಕೂ ಮಿಕ್ಕಿ ಚಿಕಿತ್ಸೆ ನಡೆಯುತ್ತದೆ. ಔಷಧ ಉಚಿತವಿದ್ದೂ ಬಸ್ಸಿನ ದುಡ್ಡಿಗಾಗಿ, ಕೈಬಿಟ್ಟುಹೋದ ಕೂಲಿಗಾಗಿ ಅರ್ಧದಲ್ಲೇ ಊರಿಗೆ ಹೋದವರನ್ನು ನೋಡಿದ್ದೇನೆ. ಹುಡುಗನ ಶಾಲೆಯೂ ಈ ಚಿಕಿತ್ಸೆಯ ಭಾಗವೇ ಎಂದು ನಾನು ನಂಬುತ್ತೇನೆ. ನೀವು ಊರಿನಲ್ಲೇ ಇದ್ದೀರಿ. ಮುಖ್ಯೋಪಾಧ್ಯಾಯರನ್ನು ಕಂಡು ಸರ್ಕಾರಿ ಮೆಟ್ರಿಕ್ ಪೂರ್ವ ವಿದ್ಯಾರ್ಥಿನಿಲಯದಲ್ಲಿ ಜಾಗ ಕೇಳಿ. ಊಟ, ವಸತಿ ಎರಡೂ ಅಲ್ಲೇ ಆಗುತ್ತದೆ.

ಉತ್ತರ (ದಾವಣಗೆರೆಯ ತಾಯಿ)

ನಾನೂ ಏಳು ತಿಂಗಳು ಮಗನೊಂದಿಗೆ ವಾರ್ಡಿನಲ್ಲಿದ್ದೆ. ಒಬ್ಬರು ಎಲ್ಲರೆದುರು "ನಿಮಗೆ ಊಟಕ್ಕೆ ಇದೆಯೇನಮ್ಮ" ಎಂದಾಗ ನೆಲ ಬಿರಿಯಬಾರದೇ ಎನಿಸಿತು. ಇದೆ ಎಂದುಬಿಟ್ಟೆ. ಆಮೇಲೆ ಒಂದು ಚೀಟಿಯಲ್ಲಿ ನಾಲ್ಕು ಫೋನ್ ನಂಬರ್ ಬರೆದುಕೊಟ್ಟರು. ಎರಡಕ್ಕೆ ಮಾಡಿದೆ, ಯಾರೂ ಎತ್ತಲಿಲ್ಲ. ಮಗುವಿಗೆ ಡ್ರಿಪ್ ಹಾಕಿರುವಾಗ ಎಷ್ಟು ಸಲ ಹೊರಗೆ ಹೋಗಿ ಫೋನ್ ಮಾಡುವುದು?

ಉತ್ತರ (ವೈದ್ಯಕೀಯ ಸಮಾಜ ಕಾರ್ಯಕರ್ತೆ)

ನಿಮ್ಮ ಮಾತು ನಿಜ, ಅಮ್ಮ. ಮೊದಲ ವರ್ಷಗಳಲ್ಲಿ ನಾನೂ ಚೀಟಿ ಕೊಟ್ಟು ಕಳುಹಿಸುತ್ತಿದ್ದೆ, ಕೆಲಸ ಮುಗಿಯಿತು ಎಂದುಕೊಳ್ಳುತ್ತಿದ್ದೆ. ಈಗ ನಾನೇ ಫೋನ್ ಮಾಡಿ, ಜಾಗ ಇದೆ ಎಂದು ಖಚಿತವಾದ ಮೇಲೆ ತಾಯಿಯ ಜೊತೆ ಧರ್ಮಶಾಲೆಯ ಬಾಗಿಲವರೆಗೆ ನಡೆದು ಹೋಗುತ್ತೇನೆ. ಹಾಸಿಗೆಯ ಪಕ್ಕ ನಿಂತು ಊಟದ ವಿಚಾರ ಎತ್ತುವುದಿಲ್ಲ, ನೀರು ಹಿಡಿಯುವ ನಲ್ಲಿಯ ಬಳಿ ಮಾತಾಡಿಸುತ್ತೇನೆ. ಮೂರು ದಿನ ಬಿಟ್ಟು ಮತ್ತೆ ವಿಚಾರಿಸುತ್ತೇನೆ.

ಪ್ರಶ್ನೆ ಕೇಳಿದವರು

ನಿನ್ನೆ ತಂಗಿಗೆ ಫೋನ್ ಮಾಡಿ ನೀವು ಹೇಳಿದಂತೆಯೇ, ಬೆಳಿಗ್ಗೆ ಏನು ತಿಂದೆ ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ "ಬನ್ನು" ಎಂದಳು. ಸಿಸ್ಟರ್ ಮೂಲಕ ಇಂದು ಸಮಾಜ ಕಾರ್ಯಕರ್ತರನ್ನು ಕಂಡಿದ್ದಾಳೆ, ಶುಕ್ರವಾರ ಜಾಗ ಖಾಲಿಯಾಗುತ್ತದಂತೆ. ಹುಡುಗನನ್ನು ಸೋಮವಾರ ನಾನೇ ಶಾಲೆಗೆ ಕರೆದುಕೊಂಡು ಹೋಗುತ್ತೇನೆ.