ನೋವಿಲ್ಲದ ಆರು ಹಲ್ಲಿಗೆ ಕೆಲಸ ಹೇಳಿದ್ದಾರೆ: ಇನ್ನೊಬ್ಬ ಡಾಕ್ಟರಿಗೆ ತೋರಿಸುವಾಗ ಏನೇನು ಕೇಳಬೇಕು?

ಸಂದೇಹಿ

ಕ್ಲೀನಿಂಗ್‌ಗೆ ಹೋದಲ್ಲಿ ಓಪಿಜಿ ತೆಗೆದರು (ಬಾಯಿ ಪೂರ್ತಿ ಒಂದೇ ಚಿತ್ರದಲ್ಲಿ ಬರುತ್ತಲ್ಲ, ಆ ಎಕ್ಸ್‌ರೇ). ಚೂಪು ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ ನೋಡಿದರು. ಆಮೇಲೆ ಕೊಟ್ಟ ಪಟ್ಟಿ ಇದು (ಅಂಕಿಗಳು ಹಲ್ಲಿನ ನಂಬರು):

36: ರೂಟ್ ಕೆನಾಲ್, ಮೇಲೆ ಕ್ಯಾಪ್
46: ಹಳೆಯ ಬೆಳ್ಳಿ ಫಿಲ್ಲಿಂಗ್ ತೆಗೆದು ಹೊಸದು
16, 17: ಎರಡರ ನಡುವಿನ ಸಂದಿನಲ್ಲಿ ಹುಳುಕು, ಫಿಲ್ಲಿಂಗ್
26, 47: ಅಗಿಯುವ ಭಾಗದಲ್ಲಿ ಕಪ್ಪು ಗೆರೆ, ಫಿಲ್ಲಿಂಗ್

ಯಾವ ಹಲ್ಲೂ ನೋಯುತ್ತಿಲ್ಲ. ತಣ್ಣೀರು ಕುಡಿದಾಗ 36 ಒಂದು ಕ್ಷಣ ಜುಮ್ ಅನ್ನುತ್ತೆ, ಅಷ್ಟೇ. ಹೋದ ವರ್ಷ ಬೇರೆಯವರು ನೋಡಿ ಎಲ್ಲ ಸರಿಯಿದೆ ಅಂದಿದ್ದರು. ಇವರು ಬೇಗ ಶುರು ಮಾಡೋಣ ಅನ್ನುತ್ತಿದ್ದಾರೆ. ಇನ್ನೊಬ್ಬರಿಗೆ ತೋರಿಸೋಣ ಅಂದರೆ, ಅವರೂ ಇದೇ ಪಟ್ಟಿ ಓದಿ ಹೂಂ ಅಂದುಬಿಟ್ಟರೆ? ಯಾವ ಪರೀಕ್ಷೆ ಆಗಿದ್ದರೆ ಈ ಪಟ್ಟಿಯನ್ನು ನಂಬಬಹುದು?

ಬೈಟ್‌ವಿಂಗ್

36ರ ವಿಷಯ ರೂಟ್ ಕೆನಾಲ್ ಬಲ್ಲವರು ಹೇಳಲಿ. ಉಳಿದ ಐದರ ಬಗ್ಗೆ ಬರೆಯುತ್ತೇನೆ.

16-17ರ ಸಂದನ್ನು ಓಪಿಜಿ ಒಂದನ್ನೇ ನೋಡಿ ತೀರ್ಮಾನಿಸಿದ್ದರೆ ಆ ತೀರ್ಮಾನಕ್ಕೆ ಬುಡವಿಲ್ಲ. ಓಪಿಜಿ ಇರುವುದು ಬುದ್ಧಿ ಹಲ್ಲು, ದವಡೆ ಮೂಳೆ, ದೊಡ್ಡ ಗಂಟು ಇಂಥವನ್ನು ನೋಡಲಿಕ್ಕೆ. ಅದರಲ್ಲಿ ಅಕ್ಕಪಕ್ಕದ ಹಲ್ಲುಗಳು ಒಂದರ ಮೇಲೊಂದು ಬೀಳುತ್ತವೆ, ಚಿತ್ರವೂ ಅಷ್ಟು ಚುರುಕಾಗಿರುವುದಿಲ್ಲ. ಸಂದಿನ ಹುಳುಕಿಗೆ ಬೇಕಾದದ್ದು ಬೈಟ್‌ವಿಂಗ್ ಎಕ್ಸ್‌ರೇ. ಸೆನ್ಸರ್ ಇರುವ ಹೋಲ್ಡರನ್ನು ಕಚ್ಚಿ ಹಿಡಿದಾಗ ಮೇಲಿನ ಕೆಳಗಿನ ದವಡೆ ಹಲ್ಲುಗಳ ತಲೆಭಾಗ ಮಾತ್ರ ಅದರಲ್ಲಿ ಬರುತ್ತದೆ. ಬಲಕ್ಕೊಂದು, ಎಡಕ್ಕೊಂದು ಸಾಮಾನ್ಯವಾಗಿ ಸಾಕು. ವಿಕಿರಣದ ಭಯ ಬೇಡ, ಒಂದು ಬೈಟ್‌ವಿಂಗ್‌ನ ಪ್ರಮಾಣ ಸುತ್ತಲಿನ ಪ್ರಕೃತಿಯಿಂದ ಒಂದು ದಿನದಲ್ಲಿ ಮೈಗೆ ತಾಗುವಷ್ಟೂ ಇಲ್ಲ.

ಚಿತ್ರ ಸರಿಯಾಗಿ ಬಂದಿದೆಯೇ ಎಂದು ನೀವೇ ನೋಡಿಕೊಳ್ಳಬಹುದು. 16 ಮತ್ತು 17 ಮುಟ್ಟುವಲ್ಲಿ ಎರಡು ಬಿಳಿ ಅಂಚುಗಳ ನಡುವೆ ತೆಳ್ಳಗೆ ಕಪ್ಪು ಗೆರೆ ಕಾಣಬೇಕು. ಅಂಚುಗಳು ಒಂದರ ಮೇಲೊಂದು ಏರಿದ್ದರೆ ಆ ಸಂದಿನ ಬಗ್ಗೆ ಆ ಚಿತ್ರ ಏನನ್ನೂ ಹೇಳುವುದಿಲ್ಲ, ಕೋನ ಬದಲಿಸಿ ಇನ್ನೊಂದು ತೆಗೆಯಬೇಕು.

ಇನ್ನು ಆಳ. "ಹುಳುಕಿದೆಯೇ" ಅಂತ ಕೇಳಬೇಡಿ, "ಎಲ್ಲಿಯವರೆಗೆ ಹೋಗಿದೆ" ಅಂತ ಕೇಳಿ. ಎನಾಮೆಲ್‌ನ (ಹಲ್ಲಿನ ಗಟ್ಟಿ ಹೊರಪದರ) ಹೊರ ಅರ್ಧದಲ್ಲಿದ್ದರೆ ಇ1, ಒಳ ಅರ್ಧಕ್ಕೆ ಬಂದಿದ್ದರೆ ಇ2. ಅದರ ಅಡಿಯ ಪದರವಾದ ಡೆಂಟಿನ್ ಮುಟ್ಟಿದ ಮೇಲೆ ಹೊರ, ನಡು, ಒಳ ಭಾಗಕ್ಕೆ ಡಿ1, ಡಿ2, ಡಿ3. ಇ1, ಇ2ಕ್ಕೆ ಕೊರೆಯುವುದಿಲ್ಲ. ಮೇಲ್ಮೈ ಇನ್ನೂ ಒಡೆದಿರದ ಕಾರಣ ಫ್ಲೋರೈಡ್ ಮತ್ತು ಸಂದಿನ ಶುಚಿಯಿಂದ ಅಲ್ಲಿಗೇ ನಿಲ್ಲಿಸಬಹುದು. ಡಿ1 ಗಡಿ ಇದ್ದಂತೆ: ಗುಳಿ ಬಿದ್ದಿದ್ದರೆ ಫಿಲ್ಲಿಂಗ್, ಬಿದ್ದಿಲ್ಲದಿದ್ದರೆ ಕಾದು ನೋಡುವವರೇ ಹೆಚ್ಚು. ಇಬ್ಬರು ಒಳ್ಳೆಯ ಡಾಕ್ಟರುಗಳು ಪ್ರಾಮಾಣಿಕವಾಗಿಯೇ ಬೇರೆ ಬೇರೆ ಮಾತು ಹೇಳುವುದು ಬಹುಪಾಲು ಇಲ್ಲೇ. ಡಿ2, ಡಿ3 ಅಂದರೆ ಚರ್ಚೆ ಇಲ್ಲ, ತುಂಬಿಸಬೇಕು. ಇನ್ನೊಂದು ವಿಷಯ: ಎಕ್ಸ್‌ರೇಯಲ್ಲಿ ಕಾಣುವುದಕ್ಕಿಂತ ನಿಜವಾದ ಹುಳುಕು ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ಆಳ ಇರುತ್ತದೆ. ಸುಣ್ಣದಂಶ ಸಾಕಷ್ಟು ಕರಗಿದ ಮೇಲಷ್ಟೇ ಕಪ್ಪು ಕಾಣುವುದು.

ಇಲ್ಲದ ಹುಳುಕು ಕಾಣುವ ಜಾಗವೂ ಒಂದಿದೆ. ಹಲ್ಲಿನ ಕುತ್ತಿಗೆಯಲ್ಲಿ, ಎನಾಮೆಲ್ ಮುಗಿದು ಮೂಳೆ ಶುರುವಾಗುವ ನಡುವೆ, ಕಿರಣ ಸಲೀಸಾಗಿ ದಾಟುವುದರಿಂದ ಮಸುಕು ಕಪ್ಪು ಬೀಳುತ್ತದೆ. ಅಂಚು ಖಚಿತವಿರುವುದಿಲ್ಲ, ಇನ್ನೊಂದು ಕೋನದಲ್ಲಿ ತೆಗೆದರೆ ಮಾಯವಾಗುತ್ತದೆ. ನಿಜವಾದ ಸಂದಿನ ಹುಳುಕು ಹಲ್ಲುಗಳು ಮುಟ್ಟುವ ಬಿಂದುವಿನ ತುಸು ಕೆಳಗೆ (ಮೇಲಿನ ಹಲ್ಲಾದರೆ ತುಸು ಮೇಲೆ, ವಸಡಿನ ಕಡೆಗೆ) ಹುಟ್ಟುತ್ತದೆ.

26, 47ರ ಕಪ್ಪು ಗೆರೆಗಳು: ದೊಡ್ಡವರ ದವಡೆ ಹಲ್ಲಿನ ಗೀರಿನಲ್ಲಿ ಕಪ್ಪು ಎಂದರೆ ಎಷ್ಟೋ ಸಲ ಬರೀ ಕಲೆ, ಅಥವಾ ಹಿಂದೆಂದೋ ಶುರುವಾಗಿ ನಿಂತುಹೋದ ಹುಳುಕು. ಚೂಪು ಕಡ್ಡಿ ಸಿಕ್ಕಿಹಾಕಿಕೊಂಡಿತು ಅನ್ನುವುದು ಸಾಕ್ಷಿಯಲ್ಲ. ಗೀರು ಆಳವಿದ್ದರೂ ಸಿಕ್ಕಿಕೊಳ್ಳುತ್ತದೆ, ಒತ್ತಿದರೆ ಮೆತ್ತಗಾದ ಎನಾಮೆಲ್ ಮುರಿಯಲೂಬಹುದು. ಸರಿಯಾದ ಕ್ರಮ ಏನೆಂದರೆ, ಬ್ರಷ್‌ನಿಂದ ಶುಚಿ ಮಾಡಿ, 5 ಸೆಕೆಂಡ್ ಗಾಳಿ ಬಿಟ್ಟು ಒಣಗಿಸಿ, ಒಳ್ಳೆಯ ಬೆಳಕಿನಲ್ಲಿ ನೋಡುವುದು. ಒಣಗಿಸಿದಾಗ ಮಾತ್ರ ಬಿಳಿಚಿಕೊಂಡರೆ ಮೇಲ್ಮಟ್ಟದ್ದು. ಹಸಿಯಾಗಿರುವಾಗಲೂ ಕಂಡರೆ ಇನ್ನಷ್ಟು ಆಳದ್ದು. ಎನಾಮೆಲ್ ಅಡಿಯಿಂದ ಬೂದು ನೆರಳು ಹೊಳೆದರೆ ಎಚ್ಚರ: ಮೇಲೆ ಸೂಜಿಮೊನೆಯಷ್ಟು ತೂತಿದ್ದು ಒಳಗೆ ಟೊಳ್ಳಾಗಿರಬಹುದು. ಲೇಸರ್ ಪೆನ್ ಹಿಡಿದು ಬರುವ ಅಂಕಿ ಓದಿ ಹೇಳುವವರೂ ಇದ್ದಾರೆ. ಆ ಯಂತ್ರ ಕಲೆಗೂ ಹಲ್ಲಿಗಂಟಿದ ಗಾರೆಗೂ ಕೂಗುತ್ತದೆ, ಅದೊಂದರ ಮೇಲೇ ಕೊರೆಯಲು ಬಿಡಬೇಡಿ.

46: "ಹಳೆಯದು" ಅನ್ನುವುದು ತೆಗೆಯಲು ಕಾರಣವಲ್ಲ. ಬೆಳ್ಳಿ ಫಿಲ್ಲಿಂಗ್ ಅಂಚಿನಲ್ಲಿ ಕಾಲ ಹೋದಂತೆ ಸಣ್ಣ ಕಾಲುವೆ ಬೀಳುವುದು ಮಾಮೂಲು. ಅಡಿಯಲ್ಲಿ ಮೆತ್ತಗಿನ ಹುಳುಕಿದ್ದರೆ, ಫಿಲ್ಲಿಂಗ್ ಅಲ್ಲಾಡುತ್ತಿದ್ದರೆ, ಹಲ್ಲಿನ ಗೋಡೆ ಸೀಳಿದ್ದರೆ ತೆಗೆಯಬೇಕು. ಪ್ರತಿ ಸಲ ಬದಲಿಸಿದಾಗಲೂ ಒಂದಿಷ್ಟು ಗಟ್ಟಿ ಹಲ್ಲು ಹೋಗುತ್ತದೆ, ಅದು ತಿರುಗಿ ಬರುವುದಿಲ್ಲ.

ಬೇರುನಾಳ

36. ರೂಟ್ ಕೆನಾಲ್ ಬೇಕೋ ಬೇಡವೋ ಅನ್ನುವುದು ಹುಳುಕಿನ ಗಾತ್ರದ ಪ್ರಶ್ನೆಯಲ್ಲ, ಒಳಗಿನ ನರದ ಸ್ಥಿತಿಯ ಪ್ರಶ್ನೆ. ನರವನ್ನು ಎಕ್ಸ್‌ರೇ ತೋರಿಸುವುದಿಲ್ಲ, ಅದಕ್ಕೆ ಪರೀಕ್ಷೆಯೇ ಆಗಬೇಕು. ನೀವು ಬರೆದದ್ದರಲ್ಲಿ ಒಂದೂ ಆದಂತೆ ಕಾಣುತ್ತಿಲ್ಲ.

ಮೊದಲನೆಯದು ತಣ್ಣನೆಯ ಪರೀಕ್ಷೆ. ಶೀತ ಸ್ಪ್ರೇ ಹೊಡೆದ ಹತ್ತಿಯುಂಡೆಯನ್ನು ಒಣ ಹಲ್ಲಿಗೆ ಮುಟ್ಟಿಸುತ್ತಾರೆ. ಮೊದಲು ಆರೋಗ್ಯವಾಗಿರುವ ಪಕ್ಕದ ಅಥವಾ ಎದುರು ಬದಿಯ ಹಲ್ಲಿಗೆ, ಆಮೇಲೆ ಅನುಮಾನದ ಹಲ್ಲಿಗೆ. ಹೋಲಿಕೆ ಇಲ್ಲದೆ ಈ ಪರೀಕ್ಷೆಗೆ ಬೆಲೆ ಇಲ್ಲ. ಹತ್ತಿ ತೆಗೆದ ಕೆಲವೇ ಸೆಕೆಂಡಿನಲ್ಲಿ ಜುಮ್ ಇಳಿದರೆ ನರ ಚೆನ್ನಾಗಿದೆ, ಅಥವಾ ಸುಧಾರಿಸಿಕೊಳ್ಳುವ ಸ್ಥಿತಿಯಲ್ಲಿದೆ. 30 ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಎಳೆದರೆ, ತಾನಾಗಿ ನೋವು ಬಂದರೆ, ರಾತ್ರಿ ನಿದ್ದೆಗೆಡಿಸಿದರೆ ಸುಧಾರಿಸುವ ಹಂತ ದಾಟಿದೆ ಅಂತ ಲೆಕ್ಕ. ಬೇರೆ ಹಲ್ಲುಗಳಿಗೆ ಗೊತ್ತಾಗಿ ಇದಕ್ಕೆ ಮಾತ್ರ ಏನೂ ಗೊತ್ತಾಗದಿದ್ದರೆ ನರ ಸತ್ತಿರುವ ಸಾಧ್ಯತೆ ಹೆಚ್ಚು.

ಎರಡನೆಯದು ಬಡಿದು ನೋಡುವುದು, ಕನ್ನಡಿಯ ಹಿಡಿಯಿಂದ ಮೆಲ್ಲಗೆ. ನೋವಾದರೆ ಬೇರಿನ ತುದಿಯ ಸುತ್ತ ಉರಿಯೂತವಿದೆ ಎಂದರ್ಥ, ಆದರೆ ಎತ್ತರವಾದ ಫಿಲ್ಲಿಂಗ್‌ನಿಂದಲೂ ಹಲ್ಲು ಕಡಿಯುವ ಅಭ್ಯಾಸದಿಂದಲೂ ಹೀಗಾಗುತ್ತದೆ. ಮೂರನೆಯದು ಅಗಿಯುವ ಭಾಗದ ಒಂದೊಂದೇ ಉಬ್ಬಿನ ಮೇಲೆ ಪ್ಲಾಸ್ಟಿಕ್ ತುಂಡಿಟ್ಟು ಕಚ್ಚಿಸುವುದು. ಕಚ್ಚಿ *ಬಿಡುವಾಗ* ಚುಳಕ್ ಅಂದರೆ ಬಿರುಕಿನ ಅನುಮಾನ. ಬಿರುಕು ಅಂದಾಕ್ಷಣ ಗಾಬರಿ ಬೇಡ. ಎನಾಮೆಲ್ ಮೇಲಿನ ಕೂದಲೆಳೆಯಂಥ ಗೆರೆಗಳು ಬಹುಪಾಲು ದೊಡ್ಡವರ ಹಲ್ಲಿನಲ್ಲಿ ಇರುತ್ತವೆ. ಬದಿಯಿಂದ ಬೆಳಕು ಹಾಯಿಸಿದಾಗ ಬೆಳಕು ಗೆರೆಯನ್ನು ದಾಟಿ ಹೋದರೆ ಅದು ಬರೀ ಗೆರೆ, ಅಲ್ಲೇ ತಡೆದು ಆಚೆ ಬದಿ ಕತ್ತಲಾದರೆ ಸೀಳು.

ಜೊತೆಗೆ ಬೇರಿನ ತುದಿ ಕಾಣುವ ಸಣ್ಣ ಎಕ್ಸ್‌ರೇ, ಪೆರಿಅಪಿಕಲ್ ಅನ್ನುತ್ತಾರೆ, 36ಕ್ಕೆ ಪ್ರತ್ಯೇಕವಾಗಿ ಬೇಕು. ತುದಿಯಲ್ಲಿ ಕಪ್ಪಿಲ್ಲ ಅಂದಮಾತ್ರಕ್ಕೆ ನಿರಾಳವಾಗಬೇಡಿ, ಮೂಳೆ ಸಾಕಷ್ಟು ಕರಗುವವರೆಗೆ ಅದು ಕಾಣುವುದಿಲ್ಲ.

ತಣ್ಣಗಿನದಕ್ಕೆ ಕ್ಷಣಮಾತ್ರ ಜುಮ್ ಅನ್ನುವುದನ್ನೇ ಆಧಾರ ಮಾಡಿಕೊಂಡು ಯಾರೂ ನರ ತೆಗೆಯಬಾರದು. ಬದುಕಿರುವ ನರದ ಲಕ್ಷಣವೇ ಅದು.

ಕಡ್ಡಿಮುರಿ

ಮೇಲಿನವರು ಹೇಳಿದ್ದು ಸರಿ, ಆದ್ರೆ ಇನ್ನೊಂದು ಪಕ್ಷಾನೂ ನೋಡಿ. ನೋವಿಲ್ಲ ಅನ್ನೋದು ಹುಳುಕಿಲ್ಲ ಅನ್ನೋದಕ್ಕೆ ಪುರಾವೆ ಅಲ್ಲ. ಎನಾಮೆಲ್‌ಗೆ ನೋವೇ ಗೊತ್ತಾಗಲ್ಲ, ಸತ್ತ ನರಾನೂ ಸುಮ್ನಿರುತ್ತೆ. ಹೋದ ವರ್ಷ ಸರಿ ಇತ್ತು ಅಂದವರು ಬೈಟ್‌ವಿಂಗ್ ತೆಗೆದಿದ್ರಾ? ಕಣ್ಣಲ್ಲಿ ನೋಡಿ ಹೇಳಿದ್ದಾದ್ರೆ ಸಂದಿನ ಹುಳುಕು ಆಗ್ಲೂ ಅಲ್ಲೇ ಇದ್ದಿರಬಹುದು. ಮೊದಲನೆಯವರು ಮೋಸಗಾರರು ಅಂತ ತೀರ್ಮಾನ ಮಾಡ್ಕೊಂಡು ಹೊರಟ್ರೆ, "ಏನೂ ಬೇಡ" ಅನ್ನೋರು ಸಿಗೋವರೆಗೂ ಅಲೀತೀರಿ.

ಹೋಗೋದು ಹೇಗೆ ಅಂದ್ರೆ: ಎಕ್ಸ್‌ರೇಯ ಮೂಲ ಫೈಲನ್ನೇ ಕೇಳಿ ಪಡೀರಿ. ಪರದೆಗೆ ಮೊಬೈಲ್ ಹಿಡಿದು ತೆಗೆದ ಫೋಟೋದಲ್ಲಿ ಇ2 ಯಾವುದು, ನೆರಳು ಯಾವುದು ಯಾರಿಗೂ ಗೊತ್ತಾಗಲ್ಲ. ಪಟ್ಟೀನ ಜೇಬಲ್ಲೇ ಇಟ್ಕೊಳ್ಳಿ. "ತಪಾಸಣೆ ಮಾತ್ರ ಬೇಕು, ಚಿಕಿತ್ಸೆ ಇವತ್ತು ಬೇಡ" ಅಂತ ಮೊದಲೇ ಹೇಳಿ. ಅವರು ತಮ್ಮ ಪಾಡಿಗೆ ನೋಡಿ ಬರೆದ್ಮೇಲೆ ಹಳೇ ಪಟ್ಟಿ ಹೊರಗೆ ತೆಗೀರಿ. ಆ ದಿನ ನೋವಿನ ಮಾತ್ರೆ ತಗೋಬೇಡಿ, ತಣ್ಣನೆ ಪರೀಕ್ಷೆ, ಬಡಿಯೋ ಪರೀಕ್ಷೆ ಎರಡೂ ಮಂಕಾಗುತ್ತೆ. ಹಲ್ಲಿನ ನಂಬರು, ಯಾವ ಬದಿ, ಎಷ್ಟು ಆಳ, ಯಾವ ಪರೀಕ್ಷೆಗೆ ಏನು ಬಂತು, ಆರು ತಿಂಗಳು ಬಿಟ್ರೆ ಏನಾಗುತ್ತೆ: ಇಷ್ಟೂ ಬರಹದಲ್ಲಿ ತಗೊಳ್ಳಿ.

ಮುಖ ಊದ್ಕೊಂಡಿದ್ರೆ, ಜ್ವರ ಇದ್ರೆ, ಬಾಯಿ ತೆಗೆಯೋಕೆ, ನುಂಗೋಕೆ, ಉಸಿರಾಡೋಕೆ ಕಷ್ಟ ಆದ್ರೆ ಈ ಯಾವ ವಿಚಾರಣೇನೂ ಬೇಡ, ಅವತ್ತೇ ಆಸ್ಪತ್ರೆಗೆ ಹೋಗಿ.

ಸಂದೇಹಿ

ಎಲ್ಲರಿಗೂ ಥ್ಯಾಂಕ್ಸ್. ಬೈಟ್‌ವಿಂಗ್ ಎರಡು, 36ಕ್ಕೆ ಪೆರಿಅಪಿಕಲ್ ಒಂದು ತೆಗೆಸಿದ್ದಾಯ್ತು. ಎರಡನೇ ಡಾಕ್ಟರು ಬರೆದುಕೊಟ್ಟದ್ದು: 16-17 ಎರಡೂ ಕಡೆ ಇ2. 26, 47 ಕಲೆ ಮಾತ್ರ. 46ರ ಅಂಚಿನಲ್ಲಿ ಸಣ್ಣ ಕಾಲುವೆ, ಹುಳುಕಿಲ್ಲ. 36ರಲ್ಲಿ ಡಿ3, ತಣ್ಣನೆಗೆ ಬಂದ ಜುಮ್ 5 ಸೆಕೆಂಡಿನಲ್ಲಿ ಹೋಯಿತು, ಬಡಿದರೆ ನೋವಿಲ್ಲ, ಬೇರಿನ ತುದಿ ಸರಿ. "ನರ ಉಳಿಸಲು ನೋಡೋಣ, ತೆರೆದ ಮೇಲೆ ಖಚಿತ" ಅಂದರು. ಅಂದರೆ 36ರಲ್ಲಿ ಮೊದಲನೆಯವರ ಮಾತಿನಲ್ಲೂ ಅರ್ಥವಿತ್ತು. ಈಗ ಯಾರ ದಾರಿ ಹಿಡಿಯುವುದು?

ಬೇರುನಾಳ

36ರಲ್ಲಿ ಹುಳುಕು ನಿಜ, ತಡಮಾಡಬೇಡಿ. ಆದರೆ ಈ ಫಲಿತಾಂಶಕ್ಕೆ ನರ ಉಳಿಸುವ ಪ್ರಯತ್ನವೇ ಮೊದಲ ಹೆಜ್ಜೆ. ಮಾಡುವ ಮುನ್ನ ಮೂರು ವಿಷಯ ಮಾತಾಡಿಕೊಳ್ಳಿ.

ರಬ್ಬರ್ ಡ್ಯಾಮ್ ಹಾಕುತ್ತಾರೆಯೇ? ಹಲ್ಲೊಂದನ್ನು ಬಿಟ್ಟು ಉಳಿದ ಬಾಯನ್ನು ಮುಚ್ಚುವ ರಬ್ಬರ್ ಹಾಳೆ ಅದು. ಕೊರೆಯುವಾಗ ಎಂಜಲು ಒಳಗೆ ಇಳಿದರೆ ಉಳಿಯಬೇಕಾಗಿದ್ದ ನರವೂ ಕೆಡುತ್ತದೆ. ಹುಳುಕನ್ನು ಎಷ್ಟು ತೆಗೆಯುತ್ತಾರೆ? ಸುತ್ತಲ ಗೋಡೆಗಳನ್ನು ಗಟ್ಟಿ ಹಲ್ಲು ಸಿಗುವವರೆಗೆ ಕೆರೆದು, ನರದ ನೇರ ಮೇಲಿನ ತಳದಲ್ಲಿ ಮಾತ್ರ ಒಂದು ಪದರ ಮೆತ್ತಗಿನದನ್ನು ಬಿಟ್ಟು ಅದೇ ದಿನ ಬಿಗಿಯಾಗಿ ಮುಚ್ಚುವುದು ಈಗಿನ ಕ್ರಮ. ಹೊರಗಿನ ಸಕ್ಕರೆ ತಲುಪದೆ ಆ ಪದರದ ಹುಳುಕು ಮುಂದುವರಿಯುವುದಿಲ್ಲ. ಪೂರ್ತಿ ಕೆರೆಯುವ ಹಟಕ್ಕೆ ಬಿದ್ದರೆ ನರ ತೆರೆದುಕೊಳ್ಳಬಹುದು. ಮೂರನೆಯದು, ಅಕಸ್ಮಾತ್ ತೆರೆದುಕೊಂಡರೆ ಮುಂದೇನು? ರಕ್ತ ಕೆಲವೇ ನಿಮಿಷದಲ್ಲಿ ನಿಂತರೆ ಎಂಟಿಎ ಅಥವಾ ಅಂಥದೇ ಸಿಮೆಂಟ್ ಇಟ್ಟು ನರ ಉಳಿಸಬಹುದು, ಇಲ್ಲವೇ ಮೇಲ್ಭಾಗದ ನರವಷ್ಟನ್ನೇ ತೆಗೆಯಬಹುದು. ರಕ್ತ ನಿಲ್ಲದಿದ್ದರೆ ರೂಟ್ ಕೆನಾಲ್. ಇದಕ್ಕೆ ಒಪ್ಪಿಗೆ ಮೊದಲೇ ಕೊಟ್ಟಿರಿ, ಬಾಯಿ ಮರಗಟ್ಟಿರುವಾಗ ಕೊಡುವ ಒಪ್ಪಿಗೆ ಒಪ್ಪಿಗೆಯಲ್ಲ.

ನರ ಉಳಿದರೆ 6 ತಿಂಗಳಿಗೆ, 12 ತಿಂಗಳಿಗೆ ತಣ್ಣನೆ ಪರೀಕ್ಷೆ ಮತ್ತು ಪೆರಿಅಪಿಕಲ್ ಮತ್ತೆ ಆಗಬೇಕು. ಕೆಲವು ಹಲ್ಲುಗಳಲ್ಲಿ ನರ ಸದ್ದಿಲ್ಲದೆ ಸಾಯುತ್ತದೆ. ರೂಟ್ ಕೆನಾಲೇ ಆಯಿತು ಅಂದುಕೊಳ್ಳಿ, ಆಗ ಮೊದಲನೆಯವರು ಹೇಳಿದ ಕ್ಯಾಪ್ ಸರಿಯೇ. ಇಷ್ಟು ಹುಳುಕಿದ ದವಡೆ ಹಲ್ಲು ಒಳಗಿಂದಲೂ ಕೊರೆದ ಮೇಲೆ ಅಗಿಯುವ ಹೊಡೆತಕ್ಕೆ ಸೀಳಿಕೊಳ್ಳುತ್ತದೆ.

ಬೈಟ್‌ವಿಂಗ್

16-17ಕ್ಕೆ: 1000ದಿಂದ 1500 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟಿನಲ್ಲಿ ದಿನಕ್ಕೆರಡು ಸಲ ಉಜ್ಜಿ, ನೊರೆ ಉಗುಳಿ, ನೀರು ಹಾಕಿ ಮುಕ್ಕಳಿಸಬೇಡಿ. ರಾತ್ರಿ ಆ ಸಂದಿಗೆ ಫ್ಲಾಸ್. ದಾರವನ್ನು ಸುಮ್ಮನೆ ಮೇಲೆ ಕೆಳಗೆ ಎಳೆಯುವುದಲ್ಲ, 16ರ ಹಿಂಬದಿಗೆ ಬಳಸಿ ಒರೆಸಬೇಕು, ಆಮೇಲೆ 17ರ ಮುಂಬದಿಗೆ. ಕ್ಲಿನಿಕ್ಕಿನಲ್ಲಿ 5% ಸೋಡಿಯಂ ಫ್ಲೋರೈಡ್ ವಾರ್ನಿಶ್ ಹಚ್ಚಿಸಿಕೊಳ್ಳಬಹುದು. ಊಟದ ನಡುವೆ ಸಿಹಿ ಚಪ್ಪರಿಸುವ ಅಭ್ಯಾಸ ಬಿಡದಿದ್ದರೆ ಇದ್ಯಾವುದೂ ನಡೆಯುವುದಿಲ್ಲ.

12 ತಿಂಗಳಿಗೆ ಅದೇ ಹೋಲ್ಡರ್, ಅದೇ ಕೋನದಲ್ಲಿ ಮತ್ತೆ ಬೈಟ್‌ವಿಂಗ್ ತೆಗೆಸಿ, ಹುಳುಕು ಹೆಚ್ಚುವ ಬಾಯಿ ಅಂತ ಡಾಕ್ಟರು ಹೇಳಿದರೆ 6ಕ್ಕೇ. ಹಳೆಯದನ್ನು ಪಕ್ಕದಲ್ಲಿಟ್ಟು ನೋಡಲಿ. ಇ2 ಅಲ್ಲೇ ಇದ್ದರೆ ಗೆದ್ದಿರಿ, ಡೆಂಟಿನ್‌ಗೆ ದಾಟಿದ್ದರೆ ಆಗ ಫಿಲ್ಲಿಂಗ್. ಈಗ ತೆಗೆದ ಫೈಲುಗಳಿಗೆ ತಾರೀಖು ಹಾಕಿ ನಿಮ್ಮ ಹತ್ತಿರವೇ ಒಂದು ಪ್ರತಿ ಇಟ್ಟುಕೊಳ್ಳಿ, ಕ್ಲಿನಿಕ್ ಬದಲಾಯಿಸಿದರೆ ಹೋಲಿಸಲು ಬೇರೆ ದಾರಿಯಿರುವುದಿಲ್ಲ.