ಸಹಾಯ ಬೇಕು: ‘ಬಿಚಸ್ ಬ್ರೂ’ ಮರುಮುದ್ರಣ, ಎರಡನೇ ಬದಿಯ ಕೊನೆಯಲ್ಲಿ ಟ್ರಂಪೆಟ್ ಒಡೆಯುತ್ತಿದೆ

ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಬಿಚಸ್ ಬ್ರೂ’ (1970) ಜೋಡಿ ಎಲ್‌ಪಿಯ 180 ಗ್ರಾಂ (ದಪ್ಪ ತಟ್ಟೆಯ) ಮರುಮುದ್ರಣ ಯಾರ ಹತ್ತಿರ ಇದೆ? ಎರಡನೇ ಬದಿ ಪೂರ್ತಿ ಒಂದೇ ರಚನೆ, ಸುಮಾರು 27 ನಿಮಿಷ. ಶುರುವಿನಲ್ಲಿ ಬರುವ ಪ್ರತಿಧ್ವನಿಯ ಟ್ರಂಪೆಟ್ ತಿಳಿಯಾಗಿದೆ. ಅದೇ ಭಾಗ ಕೊನೆಗೆ ಮರಳಿದಾಗ ಕರಕರ ಎನ್ನುತ್ತದೆ, ಬಲಗಡೆ ಸ್ಪೀಕರಿನಲ್ಲಿ ಜಾಸ್ತಿ.

ಇಷ್ಟು ಉದ್ದದ ಬದಿಯಲ್ಲಿ ಗೆರೆಗಳು ಒತ್ತೊತ್ತಾಗಿ ಲೇಬಲ್ಲಿನ ಹತ್ತಿರದವರೆಗೂ ಹೋಗುತ್ತವೆ ನಿಜ. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ 51 ಸೆಂ.ಮೀ. ಗೆರೆ ಸಾಗಿದರೆ, 60 ಮಿ.ಮೀ. ತ್ರಿಜ್ಯದಲ್ಲಿ ಬರೀ 21. ಹಾಗಾಗಿ ಒಳಗೆ ಹೋದಂತೆ ದನಿ ಕೆಡುವುದು ಸಹಜ. ಆದರೆ ಎರಡೂ ಸ್ಪೀಕರಿನಲ್ಲಿ ಸಮವಾಗಿ ಕೆಡಬೇಕಿತ್ತಲ್ಲ?

ಈಗಿನ ಹೊಂದಿಕೆ: ಎಲಿಪ್ಟಿಕಲ್ (ಅಂಡಾಕಾರದ ತುದಿಯ) ಸೂಜಿ, ಸೂಜಿ ತಟ್ಟೆಯ ಮೇಲೆ ಹಾಕುವ ಭಾರ 2 ಗ್ರಾಂ (ಡಿಜಿಟಲ್ ತಕ್ಕಡಿಯಲ್ಲಿ ಅಳೆದದ್ದು), ಬೇರ್ವಾಲ್ಡ್ ಪ್ರೊಟ್ರಾಕ್ಟರ್ (ಸೂಜಿಯ ಕೋನ ಹೊಂದಿಸುವ ಅಳತೆಪಟ್ಟಿ), ನಡುವಿನಿಂದ 66 ಮತ್ತು 120.9 ಮಿ.ಮೀ. ಬಿಂದುಗಳಲ್ಲಿ ಸೂಜಿ ಗೆರೆಗೆ ನೇರ. ಆಂಟಿಸ್ಕೇಟ್ (ಸೂಜಿಯ ತೋಳು ಒಳಕ್ಕೆ ಜಾರುವುದನ್ನು ತಡೆಯುವ ಎಳೆತ) 2ರಿಂದ 2.5ಕ್ಕೆ ಏರಿಸಿದಾಗ ಬಲಗಡೆಯ ಕರಕರ ತುಸು ತಗ್ಗಿತು, ಪೂರ್ತಿ ಹೋಗಲಿಲ್ಲ. ತಟ್ಟೆ ತೊಳೆದಾಗಿದೆ, ಸೂಜಿ ಹೊಸದು.

ಕೇಳಬೇಕಾದದ್ದು ಮೂರು. ನಿಮ್ಮ ಪ್ರತಿಯಲ್ಲಿ ಸಂಗೀತ ಮುಗಿಯುವುದು ನಡುವಿನಿಂದ ಎಷ್ಟು ಮಿ.ಮೀ. ದೂರದಲ್ಲಿ? ಸ್ಕೇಲಿಟ್ಟು ಅಳೆದು, ಲೇಬಲ್ ಪಕ್ಕ ಕೆತ್ತಿದ ಸಂಖ್ಯೆಯನ್ನೂ ಬರೆಯಿರಿ. ಬೇರ್ವಾಲ್ಡ್ ಬದಲಿಗೆ, ಒಳಬಿಂದು 60.3 ಮಿ.ಮೀ.ಗೆ ಬರುವ ಸ್ಟೀವನ್‌ಸನ್ ಹೊಂದಿಕೆಗೆ ಬದಲಿಸಿ ಇದೇ ಬದಿ ಕೇಳಿದವರಿದ್ದೀರಾ? ಮೈಕ್ರೋಲೈನ್ (ಇನ್ನೂ ಸಪೂರ ತುದಿಯ) ಸೂಜಿಯಲ್ಲಿ ಈ ಕೊನೆಯ ಟ್ರಂಪೆಟ್ ಹೇಗೆ ಕೇಳುತ್ತದೆ? ಅದರಲ್ಲೂ ಒಡೆದರೆ ದೋಷ ಮುದ್ರಣದ್ದೇ ಇರಬಹುದು, ತಟ್ಟೆ ವಾಪಸು ಕೊಡುವುದು ಮೇಲು.